ಆಸ್ಪತ್ರೆಗೆ ಇಬ್ಬರೂ ಹೋಗಿ
(ಕಂಪಲಾಪುರದ ರೈತರ ಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತು)



ಗ್ರಾಮಸೇವಕ ಬಂದನೆಂದರೆ ಗೊಬ್ಬರದ ಮಾತೋ, ಹೊಗೆಸೊಪ್ಪಿನ ಸಸಿಮಡಿಯ ಮಾತೋ ಇರುತ್ತದೆಂದು ತಾವು ಬಂದು ಕುಳಿತಿದ್ದೀರಿ. ಇಂದು ನಾನು ಮನೆಯೊಳಗಿನ ಒಂದು ವಿಷಯವನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ನಿಮ್ಮಲ್ಲಿ ಅನೇಕರಿಗಿಂತ ವಯಸ್ಸಿನಲ್ಲಿ ಚಿಕ್ಕವನು. ತಪ್ಪಿದ್ದರೆ ತಿದ್ದಿರಿ, ಆದರೆ ಪೂರ್ತಿ ಕೇಳಿ.

ಹೋದ ವರ್ಷ ಸೊಪ್ಪು ಬೇಯಿಸುವ ಕಾಲ. ಬೆಳಗಿನ ಮೊದಲ ಬಸ್ಸಿಗೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ನಿಂತಿದ್ದಳು. ಅವಳ ಹೆಸರು, ಊರು ಹೇಳುವುದಿಲ್ಲ.

“ಎಲ್ಲಿಗಮ್ಮಾ?” ಎಂದೆ.

“ಮೈಸೂರು ಆಸ್ಪತ್ರೆಗೆ ಸ್ವಾಮಿ. ಮದುವೆಯಾಗಿ ಆರು ವರ್ಷ ಆಯ್ತು, ಮಕ್ಕಳಾಗಲಿಲ್ಲ.”

“ಯಜಮಾನರು ಬರಲಿಲ್ಲವೆ?”

“ಬ್ಯಾರನ್‌ಗೆ ಬೆಂಕಿ ಹಾಕೋರು ಯಾರು ಅಂದ್ರು. ದೋಷ ನನ್ನಲ್ಲಿರುವಾಗ ಅವರ್ಯಾಕೆ ಬರಬೇಕು ಬಿಡಿ.”

ರಕ್ತಪರೀಕ್ಷೆ, ಸ್ಕ್ಯಾನಿಂಗು, ಮಾತ್ರೆ ಎಲ್ಲವೂ ಅವಳಿಗೇ ಆಗಿತ್ತು. ಗಂಡನನ್ನು ಕರೆದುಕೊಂಡು ಬಾ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರಂತೆ. ದೋಷ ಅವಳದೇ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಊರು ಹೇಳಿತ್ತು, ಅವಳು ನಂಬಿದ್ದಳು.

ರೈತ ಬಂಧುಗಳೇ, ಬಿತ್ತಿದ್ದು ಹುಟ್ಟದಿದ್ದರೆ ನಾವು ಹೊಲವನ್ನು ಬೈದು ಸುಮ್ಮನಾಗುತ್ತೇವೆಯೆ? ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುತ್ತೇವೆ. ಹೆಣ್ಣು ಹೊಲವಲ್ಲ, ಮಗುವಾಗಲು ಅವಳ ಅಂಡವೂ ಬೇಕು, ಗಂಡಸಿನ ವೀರ್ಯಾಣುವೂ ಬೇಕು. ಆದರೂ ಪರೀಕ್ಷೆ ಮಾಡದೆ ದೂರಬಾರದೆಂಬ ಬುದ್ಧಿ ಎರಡು ಕಡೆಗೂ ಒಂದೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಗಂಡಸಿಗೆ ಮೊದಲು ಮಾಡುವ ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಬೀಡಿ, ಸಿಗರೇಟು ವೀರ್ಯಕ್ಕೆ ಕೆಡುಕು. ವೀರ್ಯಾಣು ಬೆಳೆದು ಸಿದ್ಧವಾಗಲು ಎರಡು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಆದ್ದರಿಂದ ಇಂದೇ ಬಿಡುವುದು ಮೇಲು. ಸೊಪ್ಪು ಬೆಳೆಯುವ ನಾವು ಅದನ್ನು ಸೇದಲೇಬೇಕೆಂಬ ಕಟ್ಟಳೆಯಿಲ್ಲ.

ಇದು ಯಾರೋ ಒಬ್ಬಿಬ್ಬರ ಕಷ್ಟವೂ ಅಲ್ಲ. ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರಂತೆ ಬಾಳಿನಲ್ಲಿ ಎಂದಾದರೂ ಈ ತೊಂದರೆ ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಡಾಕ್ಟರನ್ನು ಕಾಣಬೇಕು. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು.

ಇನ್ನು ಮನಸ್ಸಿನ ಮಾತು. ಚಿಕಿತ್ಸೆಯಲ್ಲಿರುವ ಹೆಂಗಸು ಪ್ರತಿ ತಿಂಗಳೂ ಆಸೆಯಿಂದ ದಿನ ಎಣಿಸುತ್ತಾಳೆ. ಮುಟ್ಟಾದರೆ ಅವಳಿಗೆ ಅದು ಒಂದು ಸಾವಿನಂತೆ. ಅಂಥ ದಿನವೇ ನೆಂಟರು ಬಂದು “ಏನಾದರೂ ವಿಶೇಷ ಉಂಟೆ?” ಎನ್ನುತ್ತಾರೆ. ಸೀಮಂತಕ್ಕೆ ಕರೆಯುವುದಿಲ್ಲ, ಕರೆದರೂ ಮಡಿಲಕ್ಕಿ ಹುಯ್ಯಲು ಬಿಡುವುದಿಲ್ಲ. “ಚಿಂತೆ ಬಿಡು, ತಾನಾಗಿ ಆಗುತ್ತೆ” ಎನ್ನುವವರೂ, ಒಳ್ಳೆಯ ಮನಸ್ಸಿನಿಂದ ಹೇಳಿದರೂ, ಚಿಂತಿಸಿದ ತಪ್ಪನ್ನು ಅವಳ ಮೇಲೆಯೇ ಹೊರಿಸಿದಂತಾಗುತ್ತದೆ. ಮಕ್ಕಳಿಲ್ಲವೆಂದು ಮನೆಯವರು ಹೆಂಗಸನ್ನು ಹೀಯಾಳಿಸುವುದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹಿಂಸೆಯೆಂದೇ ಎಣಿಸುತ್ತದೆ. ಕಾಯಿದೆಗೆ ಹೆದರಿ ನಾಲಿಗೆ ಹಿಡಿಯುವುದಕ್ಕಿಂತ ಮನೆಮಗಳೆಂದು ಹಿಡಿಯುವುದು ಮೇಲಲ್ಲವೆ?

ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ತಾವೆಲ್ಲ ಬಲ್ಲಿರಿ. 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರಿನಲ್ಲಿ ತೀರಿಕೊಂಡರು. ಮಕ್ಕಳಿಲ್ಲವೆಂದು ಆ ತಾಯಿ ಕೇಳಿದ ಮಾತು ಕಡಿಮೆಯಲ್ಲ. ಅವರು ನೆಟ್ಟ ಆಲದ ಮರಗಳನ್ನು ಎಲ್ಲರೂ ಹೊಗಳುತ್ತಾರೆ. ನಾನು ನೆನೆಯುವುದು ಅವರ ಗಂಡ ಚಿಕ್ಕಯ್ಯನವರನ್ನು. ಹೆಂಡತಿಯನ್ನು ದೂರದೆ, ಅವಳ ಜೊತೆಯಲ್ಲೇ ಗುಂಡಿ ತೋಡಿ, ಸಸಿಗಳಿಗೆ ನೀರು ಹೊತ್ತವರು ಅವರು.

ಹಾಗಾದರೆ ನಾವು ಮಾಡತಕ್ಕದ್ದೇನು?

ಒಂದು: ಆಸ್ಪತ್ರೆಗೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸಿಗೆ 2023ರಿಂದ ಟಿಕೆಟ್ ಹಣವಿಲ್ಲ. ತನ್ನ ಟಿಕೆಟ್ಟಿನ ಹಣ ಗಂಡನಿಗೆ ನೆಪವಾಗಬಾರದು.

ಎರಡು: ನಾಟಿಗೆ, ಕಳೆಗೆ ಮುಯ್ಯಾಳು ಹೋಗುತ್ತೀರಿ. ಆಸ್ಪತ್ರೆಗೆ ಹೋದವನ ಬ್ಯಾರನ್ ಬೆಂಕಿಗೂ, ದನದ ಹುಲ್ಲಿಗೂ ಒಂದು ದಿನದ ಮುಯ್ಯಿ ಕೊಡಿ.

ಮೂರು: ಅತ್ತೆಯಂದಿರೇ, ಸೊಸೆಯನ್ನು ಶುಭಕಾರ್ಯಕ್ಕೆ ಮುಂದೆ ಕರೆಯಿರಿ. ಆಸ್ಪತ್ರೆಯಿಂದ ಬಂದ ದಿನ ಏನಾಯ್ತೆಂದು ಕೇಳುವ ಮೊದಲು ಊಟಕ್ಕಿಡಿ.

ನಾಲ್ಕು: ಸಾಲ ಮಾಡುವ ಮೊದಲು ಖರ್ಚನ್ನೂ ಫಲದ ಭರವಸೆ ಎಷ್ಟೆಂಬುದನ್ನೂ ಡಾಕ್ಟರಲ್ಲಿ ಬಿಡಿಸಿ ಕೇಳಿ. ಪ್ರನಾಳ ಶಿಶುವಿನ ಚಿಕಿತ್ಸೆಯೂ ಎಲ್ಲರಿಗೂ ಫಲಿಸುವುದಿಲ್ಲ. ಇಲ್ಲಿಗೆ ಸಾಕೆಂದು ನಿಲ್ಲಿಸುವುದಾಗಲಿ, ಕಾನೂನಿನಂತೆ ದತ್ತು ಪಡೆಯುವುದಾಗಲಿ ಸೋಲಲ್ಲ.

ಐದು: ನಿದ್ದೆ ಊಟ ಬಿಟ್ಟು ಕುಗ್ಗಿದವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮನಸ್ ಎಂಬ ಸರ್ಕಾರದ ಸಹಾಯವಾಣಿ, 14416, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಿಗೆ ಸಿಗುತ್ತದೆ.

ಆ ಹೆಣ್ಣುಮಗಳ ಗಂಡನನ್ನು ನಾನು ಬ್ಯಾರನ್ ಬಳಿಯೇ ಹೋಗಿ ಕಂಡೆ. ಮೊದಲ ದಿನ ಮುಖ ತಿರುಗಿಸಿದ. ಎರಡನೆಯ ಸಲ “ಬೆಂಕಿ ನೋಡ್ಕೊಳ್ಳೋರು ಸಿಕ್ಕರೆ ಹೋಗ್ತೀನಿ” ಎಂದ. ಪಕ್ಕದ ಹೊಲದ ಹಿರಿಯರು ಒಪ್ಪಿಕೊಂಡರು. ಪರೀಕ್ಷೆಯಲ್ಲಿ ಏನು ಬಂತೆಂಬುದು ಅವರಿಬ್ಬರ ಮಾತು. ನಾನು ಕೇಳಲಿಲ್ಲ, ನೀವೂ ಇಂಥವನ್ನು ಕೇಳಬೇಡಿ. ಮಗು ಇನ್ನೂ ಆಗಿಲ್ಲ, ಚಿಕಿತ್ಸೆ ನಡೆದಿದೆ. ಮೊನ್ನೆ ಮೊದಲ ಬಸ್ಸಿಗೆ ಇಬ್ಬರೂ ನಿಂತಿದ್ದರು. ಬುತ್ತಿಯ ಚೀಲ ಅವನ ಕೈಯಲ್ಲಿತ್ತು.

ನಿಮ್ಮ ಊರಿನ ಬಸ್ಸಿನ ನಿಲ್ದಾಣದಲ್ಲೂ ಹೀಗೆ ಒಂಟಿಯಾಗಿ ನಿಲ್ಲುವವರು ಇರಬಹುದು. ನೋಡಿಕೊಳ್ಳಿ.