ದೋಣಿ ಕಟ್ಟುವ ಹಗ್ಗ, ಕೊಂಡಿ ಮತ್ತು ಗೂಟ: ಖರೀದಿಗೆ ಮುನ್ನ ಗಮನಿಸಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬಯಲುಸೀಮೆಯ ಈ ಜಿಲ್ಲೆಯಲ್ಲಿ ದೋಣಿಯ ಮಾತೆತ್ತಿದರೆ ಕೆಲವರಿಗೆ ನಗು ಬರಬಹುದು. ಕೊಳವೆಬಾವಿ ಸಾವಿರ ಅಡಿ ದಾಟಿದ ಊರುಗಳಲ್ಲಿ ಕೆರೆಯಂಗಳವು ದನ ಮೇಯುವ ಬಯಲಾಗಿಯೇ ಬಹುಕಾಲ ಉಳಿದಿತ್ತು. ಈಗ ಆ ಸ್ಥಿತಿ ಬದಲಾಗಿದೆ. ಎಚ್.ಎನ್. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಯನ್ನು ತುಂಬಿಸಿತು, ಕೆ.ಸಿ. ವ್ಯಾಲಿಯ ನೀರು ಚಿಂತಾಮಣಿ ತಾಲ್ಲೂಕಿಗೂ ಬಂದಿತು. 2021ರ ನವೆಂಬರ್ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದುದು ಎಲ್ಲರ ನೆನಪಿನಲ್ಲಿದೆ. ನೀರು ನಿಂತಲ್ಲಿ ಮೀನು ಸಾಕಣೆ, ಮೀನು ಬಂದಲ್ಲಿ ಹರಿಗೋಲು ಮತ್ತು ಫೈಬರ್ ದೋಣಿ, ದೇವಸ್ಥಾನವಿರುವಲ್ಲಿ ತೆಪ್ಪೋತ್ಸವ. ಆದರೆ ದೋಣಿಗೆ ಹಣ ಹೊಂದಿಸುವ ಅಂದಾಜು ಪಟ್ಟಿಗಳಲ್ಲಿ ಅದನ್ನು ಕಟ್ಟಿಹಾಕುವ ಸಾಮಗ್ರಿಗೆ ‘ಇತರೆ’ ಎಂಬ ಒಂದು ಸಾಲು ಮಾತ್ರ ಇರುವುದು ವಾಡಿಕೆ.

ಆ ಸಾಲಿನ ಬೆಲೆ ತಿಳಿಯುವುದು ಮುಂಗಾರುಪೂರ್ವ ಬಿರುಗಾಳಿಯ ರಾತ್ರಿ. ಕಟ್ಟು ಬಿಚ್ಚಿಕೊಂಡ ದೋಣಿ ಕೆರೆಯ ನಡುವೆ ನಿಲ್ಲುವುದಿಲ್ಲ. ಕೆರೆ ತುಂಬಿ ಹರಿಯುತ್ತಿದ್ದರೆ ಅದು ಹರಿವಿನ ಜೊತೆ ಕೋಡಿಯತ್ತ ಸಾಗುತ್ತದೆ. ಕಿರಿದಾದ ಕೋಡಿಗೆ ದೋಣಿ ಅಡ್ಡ ಸಿಕ್ಕಿಕೊಂಡು, ಅದರ ಹಿಂದೆ ಜೊಂಡು, ಕೊಂಬೆ, ಪ್ಲಾಸ್ಟಿಕ್ ತಡೆದು ನಿಂತರೆ, ಹೊರಹೋಗಬೇಕಾದ ನೀರು ಏರಿಯ ಮೇಲೆ ಒತ್ತಡ ಹಾಕುತ್ತದೆ. ಮಣ್ಣಿನ ಏರಿಯ ಮೇಲಿಂದ ನೀರು ಉಕ್ಕಿದರೆ ಕೊರೆತ ಆರಂಭವಾಗುತ್ತದೆ. ಆಗ ನಷ್ಟವು ಒಂದು ದೋಣಿಯದಲ್ಲ, ಏರಿಯ ಕೆಳಗಿನ ಅಚ್ಚುಕಟ್ಟಿನದು ಮತ್ತು ಊರಿನದು.

ಗಾಳಿ ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಕಟ್ಟಡಗಳ ಗಾಳಿಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ 875, ಮೂರನೆಯ ಭಾಗವು ನೆರೆಯ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲ ವೇಗವನ್ನು ಸೂಚಿಸುತ್ತದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ದೊರೆಯುತ್ತದೆ: ಚದರ ಮೀಟರಿಗೆ ಸುಮಾರು 653 ನ್ಯೂಟನ್, ಅಂದರೆ 67 ಕಿಲೋ ತೂಕದಷ್ಟು. ನೀರಿನ ಮೇಲೆ ಎರಡು ಚದರ ಮೀಟರ್ ಮೈ ತೋರುವ ಸಣ್ಣ ದೋಣಿಗೆ ಇದು 134 ಕಿಲೋ. ಅಲೆಗೆ ದೋಣಿ ಹಿಂದೆ ಸರಿದು ಹಗ್ಗವನ್ನು ಹಠಾತ್ತನೆ ಎಳೆಯುವ ಜಗ್ಗನ್ನೂ ಸೇರಿಸಿ ಇಮ್ಮಡಿ ಹಿಡಿದರೆ 270 ಕಿಲೋ. ವೇಗ ಅರ್ಧವಾದರೆ ಒತ್ತಡ ಕಾಲುಭಾಗಕ್ಕಿಳಿಯುತ್ತದೆ. ದಿನನಿತ್ಯದ ಗಾಳಿಯಲ್ಲಿ ಯಾವ ಹಗ್ಗವಾದರೂ ಸಾಕೆನಿಸುವುದು ಈ ಕಾರಣದಿಂದಲೇ.

ತೆಪ್ಪದ ಲೆಕ್ಕ ಬೇರೆ. ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮಂಟಪ ಗಾಳಿಗೆ 12 ಚದರ ಮೀಟರ್ ಎದೆಯೊಡ್ಡುತ್ತದೆ. ಅದೇ ಗಾಳಿಗೆ 800 ಕಿಲೋ, ಜಗ್ಗು ಸೇರಿ 1,600 ಕಿಲೋ. ಬಾಳೆಕಂಬ, ಹೂವಿನ ಚಪ್ಪರಗಳಿಗಿಂತ ಹೆಚ್ಚು ಗಾಳಿ ಹಿಡಿಯುವುದು ಶುಭಕೋರುವ ಫ್ಲೆಕ್ಸ್. ಮುಖಂಡರ ಭಾವಚಿತ್ರವನ್ನು ದಡದಲ್ಲಿ ಕಟ್ಟಿದರೂ ಭಕ್ತರಿಗೆ ಕಾಣುತ್ತದೆ. ಇನ್ನೊಂದು ಮಾತು: ಎರಡು ಹಗ್ಗ ಕಟ್ಟಿದೊಡನೆ ಹೊರೆ ಅರ್ಧವಾಯಿತೆಂಬುದು ತಪ್ಪು ಎಣಿಕೆ. ಗಾಳಿಯ ದಿಕ್ಕಿಗೆ ಎರಡೂ ಹಗ್ಗಗಳು 60 ಡಿಗ್ರಿ ಓರೆಯಾಗಿದ್ದರೆ, ಒಂದೊಂದೂ ಪೂರ್ತಿ ಹೊರೆಯನ್ನೇ ಹೊರುತ್ತದೆ. ಗಾಳಿ ಏಳುವ ಸೂಚನೆ ಕಂಡಾಗ ತೆಪ್ಪದ ಮೇಲಿನ ಜನರನ್ನು ಇಳಿಸುವುದಕ್ಕೆ ಯಾವ ಕೊಂಡಿಯೂ ಬದಲಿಯಲ್ಲ.

ಅಂಗಡಿಯವರು ಹೇಳುವ ಬಲ ಸಾಮಾನ್ಯವಾಗಿ ಹಗ್ಗ ತುಂಡಾಗುವ ಮಿತಿ. ನಿತ್ಯ ಹೊರಿಸಬಹುದಾದ ಹೊರೆ ಅದಲ್ಲ. ಗಂಟು ಹಾಕಿದಲ್ಲಿ ಹಗ್ಗದ ಬಲ ಅರ್ಧದಷ್ಟು ಕುಗ್ಗಬಹುದು. ನೈಲಾನ್ ನೆನೆದಾಗ ಇನ್ನಷ್ಟು ಕಡಿಮೆಯಾಗುತ್ತದೆ. ಬಿಸಿಲು ಮತ್ತು ಉಜ್ಜಾಟದ ಪಾಲು ಬೇರೆ. ಆದುದರಿಂದ ಮಿತಿಯ ಐದನೆಯ ಒಂದು ಭಾಗವನ್ನಷ್ಟೇ ನಂಬುವುದು ಕ್ಷೇಮ. ಮೇಲಿನ ಸಣ್ಣ ದೋಣಿಯ 270 ಕಿಲೋಗೆ 1,350 ಕಿಲೋಗಿಂತ ಕಡಿಮೆ ಮಿತಿಯ ಹಗ್ಗ ಸಲ್ಲದು. ಸಂತೆಯಲ್ಲಿ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ತೇಲುತ್ತದೆ, ಅಗ್ಗವಾಗಿದೆ, ಆದರೆ ಬಿಸಿಲಿಗೆ ಗಡಸಾಗಿ ಪುಡಿ ಉದುರುತ್ತದೆ. ನೈಲಾನ್ ಹಿಗ್ಗುವ ಗುಣವುಳ್ಳದ್ದರಿಂದ ಜಗ್ಗನ್ನು ನುಂಗಿಕೊಳ್ಳುತ್ತದೆ. ದಡದ ಕಲ್ಲಿಗೆ ಉಜ್ಜುವಷ್ಟು ಉದ್ದಕ್ಕೆ ಸರಪಳಿ, ಉಳಿದುದಕ್ಕೆ ನೈಲಾನ್ ಎಂಬ ಜೋಡಣೆ ಒಳ್ಳೆಯದು. ಹಗ್ಗದ ಕುಣಿಕೆಯೊಳಗೆ ಲೋಹದ ಥಿಂಬಲ್ ಇರಲಿ.

ಹಗ್ಗವೊಂದೇ ಗಟ್ಟಿಯಾದರೆ ಸಾಲದು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಳೆ ಎಲ್ಲಿ ತೆಳುವೋ ಅಲ್ಲಿಯೇ ಕಡಿಯುತ್ತದೆ. ಗೂಟ, ಸರಪಳಿ, ಡಿ ಶ್ಯಾಕಲ್, ಹಗ್ಗ, ದೋಣಿಯ ಬಳೆ, ಬಳೆಯನ್ನು ಹಿಡಿದ ಬೋಲ್ಟ್ ಇವೆಲ್ಲವೂ ಒಂದೇ ಹೊರೆಯನ್ನು ಹೊರುತ್ತವೆ. ಬಾಗಿಸಿ ಮಾಡಿದ ತೆರೆದ ಕೊಕ್ಕೆ ಎಳೆತಕ್ಕೆ ನೆಟ್ಟಗಾಗುತ್ತದೆ, ಅದು ಬೇಡ. ಹೊರೆಯ ಮಿತಿಯನ್ನು ಮೈಮೇಲೆ ಅಚ್ಚೊತ್ತಿದ, ಸತು ಲೇಪಿತ ಶ್ಯಾಕಲ್ ಕೊಳ್ಳಬೇಕು, ಅದರ ಪಿನ್ ತಾನಾಗಿ ತಿರುಗಿ ಬಿಚ್ಚದಂತೆ ತಂತಿಯಿಂದ ಬಿಗಿಯಬೇಕು. ಫೈಬರ್ ದೋಣಿಯ ಬಳೆಯನ್ನು ಸ್ಕ್ರೂನಿಂದ ಕೂರಿಸಿದರೆ ಮೈ ಸಮೇತ ಕಿತ್ತು ಬರುತ್ತದೆ. ಬೋಲ್ಟ್ ಆಚೆಗೆ ತೂರಿ, ಒಳಗೆ ಅಗಲವಾದ ಲೋಹದ ಪಟ್ಟಿ ಕೊಟ್ಟು ನಟ್ ಬಿಗಿಯುವುದೇ ಸರಿ.

ಇನ್ನು ಗೂಟ. ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ. ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಈ ಭಾಗದಲ್ಲಿ ಸುಲಭವಾಗಿ ಸಿಗುತ್ತವೆ. ಒಂದನ್ನು ನೆಟ್ಟು ದೋಣಿ ಕಟ್ಟಬಹುದೆಂಬ ಯೋಚನೆ ಸಹಜ. ಕಲ್ಲು ಒತ್ತಡವನ್ನು ತಾಳುವಷ್ಟು ಬಾಗನ್ನು ತಾಳದು. ಚಪ್ಪರದ ಭಾರ ಮೇಲಿನಿಂದ ಬರುತ್ತದೆ, ದೋಣಿಯ ಎಳೆತ ಪಕ್ಕದಿಂದ. ಕಂಬಕ್ಕೆ ನಾಲ್ಕು ಅಡಿ ಎತ್ತರದಲ್ಲಿ ಕಟ್ಟಿದರೆ ಬುಡದ ಮೇಲಿನ ಬಾಗುಬಲ ಒಂದು ಅಡಿಯಲ್ಲಿ ಕಟ್ಟಿದುದಕ್ಕಿಂತ ನಾಲ್ಕು ಪಟ್ಟು. ಕಾಂಕ್ರೀಟಿನಲ್ಲಿ ಹೂತ ಗಟ್ಟಿ ಉಕ್ಕಿನ ಕೊಳವೆ, ನೆಲಕ್ಕೆ ಹತ್ತಿರ ಕಟ್ಟು, ಇದು ಲೇಸು.

ನೀರಿನೊಳಗೆ ಕಾಂಕ್ರೀಟ್ ದಿಮ್ಮಿ ಇಳಿಸಿ ಅದಕ್ಕೆ ಕಟ್ಟುವುದಾದರೆ, ದಡದಲ್ಲಿ ತೂಗಿದ ಭಾರ ಒಳಗೆ ಇರುವುದಿಲ್ಲವೆಂಬುದನ್ನು ಮರೆಯಬಾರದು. 300 ಕಿಲೋ ದಿಮ್ಮಿ ನೀರಿನಲ್ಲಿ 175 ಕಿಲೋ. ಕೆಸರಿನ ಮೇಲೆ ಅದು ಜಾರದೆ ತಡೆಯುವ ಬಲ ಅದರ ಅರ್ಧವೆಂದು ಹಿಡಿದರೆ 90 ಕಿಲೋ ಸಹ ಆಗದು. 270 ಕಿಲೋ ಎಳೆತಕ್ಕೆ 900 ಕಿಲೋಗೂ ಮೀರಿದ ದಿಮ್ಮಿ ಬೇಕಾಗುತ್ತದೆ.

ಕೆರೆ ಏರಿಯ ಮೇಲೆ ಗೂಟ ಹೊಡೆಯುವುದು ಸರ್ವಥಾ ಕೂಡದು. ಅಲುಗಾಡುವ ಗೂಟದ ಸಂದಿಯೇ ನೀರಿಗೆ ದಾರಿಯಾಗುತ್ತದೆ. ತೂಬಿನ ಕಂಬಕ್ಕೂ ಕೋಡಿಯ ಗೋಡೆಗೂ ಕಟ್ಟಬಾರದು. ಕೋಡಿಯಿಂದ ದೂರದ, ಏರಿಯಲ್ಲದ ಗಟ್ಟಿ ದಡವನ್ನು ಆರಿಸಬೇಕು. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿರುವುದರಿಂದ ಅಲ್ಲಿ ಇಲಾಖೆಯ ಒಪ್ಪಿಗೆ ಪಡೆದೇ ಮುಂದುವರಿಯತಕ್ಕದ್ದು. ಬೇಸಿಗೆಯಲ್ಲಿ ನೀರು ದಿನದಿಂದ ದಿನಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ ಒಂದೇ ರಾತ್ರಿ ಏರುತ್ತದೆ. ಗಿಡ್ಡವಾಗಿ ಕಟ್ಟಿದ ದೋಣಿಯ ಮೂತಿ ಏರುವ ನೀರಿನಲ್ಲಿ ಮುಳುಗುತ್ತದೆ. ಹಗ್ಗದ ಸಡಿಲವನ್ನು ಆಗಾಗ ಸರಿಪಡಿಸುವ ಹೊಣೆಯನ್ನು ನೀರಗಂಟಿಗೆ ಠರಾವಿನ ಮೂಲಕವೇ ವಹಿಸುವುದು ಮೇಲು. ಮಕ್ಕಳು ದೋಣಿ ಬಿಚ್ಚಿಕೊಂಡು ಹೋಗದಂತೆ ಸರಪಳಿಗೆ ಬೀಗವಿರಲಿ, ಕೀಲಿ ಒಂದು ಅವರ ಬಳಿ, ಇನ್ನೊಂದು ಪಂಚಾಯಿತಿ ಕಚೇರಿಯಲ್ಲಿ.

ಮುಂದಿನ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ‘ಇತರೆ’ ಎಂಬ ಸಾಲನ್ನು ಒಡೆದು, ಹಗ್ಗದ ವ್ಯಾಸ ಮತ್ತು ಮಿತಿ, ಶ್ಯಾಕಲ್‌ನ ಹೊರೆ, ಗೂಟದ ಆಳ ಇಷ್ಟನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಲು ಸದಸ್ಯರು ಕೇಳಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಮೊದಲ ಗಾಳಿಮಳೆಗೆ ಮುನ್ನ, ಶ್ಯಾಕಲ್ ಬಿಚ್ಚಿ ಪಿನ್ ಸವೆದಿರುವುದನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಹೊರಗಿನಿಂದ ಅದು ಕಾಣುವುದಿಲ್ಲ.