ಮ್ಯಾಡ್ರಿಡ್ಡಿನ ಬೆಳಗಿನ ಗಾಡಿ

(ಮಾರ್ಚ್ 11ರಂದು ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಬೆಳಗಿನ ಪಾಳಿಗೆ ಹೋಗುವವರ ಮುಖ ಹೇಗಿರುತ್ತದೆಂದು ಈ ಸಭೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅರೆನಿದ್ದೆ, ಕೈಯಲ್ಲಿ ಬುತ್ತಿ, ಗಡಿಯಾರದ ಮೇಲೆ ಒಂದು ಕಣ್ಣು. 2004ರ ಮಾರ್ಚ್ 11, ಗುರುವಾರ, ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ಡಿನ ಕಡೆಗೆ ಬರುತ್ತಿದ್ದ ನಾಲ್ಕು ರೈಲುಗಾಡಿಗಳಲ್ಲಿ ಕುಳಿತಿದ್ದವರೂ ಅಂಥವರೇ. ಕಟ್ಟಡದ ಕೂಲಿಗಳು, ಮನೆಗೆಲಸದ ಹೆಂಗಸರು, ಗುಮಾಸ್ತರು, ಕಾಲೇಜಿನ ಹುಡುಗರು. ಏಳೂವರೆ ದಾಟಿದ ಕೆಲವೇ ನಿಮಿಷಗಳಲ್ಲಿ ಹತ್ತು ಬಾಂಬುಗಳು ಸಿಡಿದವು. 191 ಮಂದಿ ಸತ್ತರು. ಗಾಯಗೊಂಡವರು 1,800ಕ್ಕೂ ಹೆಚ್ಚು.

ಬಾಂಬು ಸಿಡಿದ ನಿಲ್ದಾಣಗಳಲ್ಲಿ ಒಂದರ ಹೆಸರು ಎಲ್ ಪೋಸೊ. ಹಳ್ಳಿಗಾಡಿನಲ್ಲಿ ಹೊಟ್ಟೆಗಿಲ್ಲದೆ ಬಂದ ಬಡವರು ರಾತ್ರೋರಾತ್ರಿ ಗುಡಿಸಲೆಬ್ಬಿಸಿ ನೆಲೆಸಿದ ಕೇರಿ ಅದು. ಫ್ರಾಂಕೋನ ಸರ್ವಾಧಿಕಾರದ ಕಾಲದಲ್ಲಿ, 1955ರಲ್ಲಿ, ಹೋಸೆ ಮರಿಯಾ ದೆ ಯಾನೋಸ್ ಎಂಬ ಪಾದ್ರಿ ಅಲ್ಲಿಗೆ ಹೋಗಿ ಆ ಜನರ ನಡುವೆಯೇ ಬಾಳಿದರು. ಕಾಲಾಂತರದಲ್ಲಿ ಕಮ್ಯೂನಿಸ್ಟ್ ಪಕ್ಷವನ್ನೂ ಸೇರಿದರು. ಅಂಥ ಕೇರಿಯ ಗಾಡಿಯ ಮೇಲೆ ಬಾಂಬು ಬಿತ್ತು. ಯುದ್ಧ ಮಾಡಿದ ಮಂತ್ರಿಗಳು ಆ ಗಾಡಿ ಹತ್ತುವವರಲ್ಲ.

ಆ ಬೆಳಗಿನ ಮಾತು ಹೇಳಬೇಕು. ತೆಯೆಸ್ ಬೀದಿಯ ಪಕ್ಕ ಒಂದು ಗಾಡಿ ಒಡೆದು ನಿಂತಾಗ, ಅಕ್ಕಪಕ್ಕದ ಮನೆಯವರು ಕಿಟಕಿಗಳಿಂದ ಕಂಬಳಿಗಳನ್ನು ಕೆಳಕ್ಕೆಸೆದರು. ಟ್ಯಾಕ್ಸಿಯವರು ಬಾಡಿಗೆ ಕೇಳದೆ ಜನರನ್ನು ಸಾಗಿಸಿದರು. ರಕ್ತ ಕೊಡಲು ನಿಂತವರ ಸಾಲು ಎಷ್ಟು ಉದ್ದವಾಯಿತೆಂದರೆ, ಇನ್ನು ಸಾಕು ಎಂದು ಅಧಿಕಾರಿಗಳೇ ಹೇಳಬೇಕಾಯಿತು. ಸತ್ತವರ ಜೇಬಿನಲ್ಲಿ, ಚೀಲದಲ್ಲಿ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವಂತೆ, ಮನೆಯವರು ಕರೆಯುತ್ತಿದ್ದರು. ಹೆಣ ಹೊರುತ್ತಿದ್ದವರು ಅದನ್ನು ಎಷ್ಟೋ ಕಾಲ ಮರೆಯಲಾರದೆ ಹೋದರು.

ಸತ್ತವರು ಹದಿನೇಳು ದೇಶದವರು. ರುಮೇನಿಯ, ಇಕ್ವಡೋರ್, ಪೆರು, ಪೋಲೆಂಡುಗಳಿಂದ ಹೊಟ್ಟೆಪಾಡಿಗೆ ಬಂದವರು. ಬಾಂಬಿಟ್ಟವರಲ್ಲಿ ಹೆಚ್ಚಿನವರು ಮೊರಾಕ್ಕೊದವರು. ಸತ್ತವರಲ್ಲೂ ಮೊರಾಕ್ಕೊದವರಿದ್ದರು, ಇದನ್ನು ನೆನಪಿಡಿ. ಕಾಗದಪತ್ರವಿಲ್ಲದ ಎಷ್ಟೋ ಜನ ಆಸ್ಪತ್ರೆಗೆ ಹೋಗಲು ಅಂಜಿದರು; ಮೈಯಲ್ಲಿ ಗಾಯ, ಮನಸ್ಸಿನಲ್ಲಿ ಗಡಿಪಾರಿನ ಭಯ. ನೊಂದವರಿಗೂ ಅವರ ಹತ್ತಿರದ ಬಂಧುಗಳಿಗೂ ಪೌರತ್ವ ಕೊಡುತ್ತೇವೆಂದು ಸರ್ಕಾರ ಸಾರಿತು. ಒಳ್ಳೆಯದೇ. ಆದರೆ ಬದುಕಿದ್ದಾಗ ಸಿಗದ ಕಾಗದ ಬಾಂಬಿಗೆ ಸಿಕ್ಕಿದ ಮೇಲೆ ಸಿಕ್ಕಿತಲ್ಲ ಎಂಬ ಕಹಿ ನಮ್ಮ ಬಾಯಿಂದ ಹೋಗುವುದಿಲ್ಲ.

ಈಗ ಸರ್ಕಾರದ ವಿಚಾರ. ಮೂರೇ ದಿನಕ್ಕೆ, ಮಾರ್ಚ್ 14ಕ್ಕೆ, ಚುನಾವಣೆ. ಪ್ರಧಾನಿ ಅಸ್ನಾರ್ ದೇಶವನ್ನು ಇರಾಕಿನ ಯುದ್ಧಕ್ಕೆ ಎಳೆದಿದ್ದರು. 2003ರಲ್ಲಿ ಲಕ್ಷಾಂತರ ಜನ ಬೀದಿಗಿಳಿದು ಬೇಡವೆಂದರೂ ಕೇಳಿರಲಿಲ್ಲ. ಬಾಂಬು ಸಿಡಿದೊಡನೆ ಸರ್ಕಾರ ಹೇಳಿತು: ಇದು ಬಾಸ್ಕ್ ಪ್ರತ್ಯೇಕತಾವಾದಿಗಳಾದ 'ಎಟಾ' ಸಂಸ್ಥೆಯ ಕೃತ್ಯ. ಮೊದಲ ಗಂಟೆಗಳಲ್ಲಿ ಹಾಗೆ ಶಂಕಿಸಿದ್ದು ತಪ್ಪಲ್ಲ. ಎಟಾದವರು ದಶಕಗಳಲ್ಲಿ 800ಕ್ಕೂ ಮಿಕ್ಕಿ ಜನರನ್ನು ಕೊಂದವರು. ಬಾಸ್ಕ್ ಪ್ರಾಂತದ ನಾಯಕರೇ ಆ ಬೆಳಿಗ್ಗೆ ಹಾಗೆ ನಂಬಿದ್ದರು. ಆದರೆ ಅದೇ ದಿನ ಒಂದು ವ್ಯಾನಿನಲ್ಲಿ ಸಿಡಿಗುಂಡಿನ ಕೀಲಿಗಳೂ ಕುರಾನ್ ಪಠಣದ ಕ್ಯಾಸೆಟ್ಟೂ ಸಿಕ್ಕಿದವು. ಸರ್ಕಾರ ಮಾತು ಬದಲಿಸಲಿಲ್ಲ. ಪ್ರಧಾನಿ ಪತ್ರಿಕಾ ಸಂಪಾದಕರಿಗೆ ಸ್ವತಃ ಫೋನು ಮಾಡಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸಹ ಅಂದೇ ಎಟಾದ ಹೆಸರು ಹಿಡಿದು ಖಂಡನೆಯ ನಿರ್ಣಯ ಮಾಡಿತು! ಇರಾಕಿನ ಯುದ್ಧ ನೆನಪಾದರೆ ಮತ ಹೋಗುತ್ತದೆ, ಎಟಾ ನೆನಪಾದರೆ ಮತ ಬರುತ್ತದೆ. ಲೆಕ್ಕ ಇಷ್ಟೇ ಎಂದು ನಾವು ತಿಳಿಯುತ್ತೇವೆ.

ಈ ಲೆಕ್ಕಕ್ಕೆ ಬೆಲೆ ತೆತ್ತವನೊಬ್ಬ ಅಂಗಡಿಯವನು. ಮಾರ್ಚ್ 13ರಂದು ಪ್ಯಾಂಪ್ಲೋನಾ ಊರಿನಲ್ಲಿ, ಬ್ರೆಡ್ಡು ಮಾರುವ ಒಬ್ಬನ ಅಂಗಡಿಗೆ ನೆರೆಮನೆಯವಳು ಬಂದು ಎಟಾ ವಿರುದ್ಧದ ಚೀಟಿ ಅಂಟಿಸೆಂದಳು. ಆತ ಒಲ್ಲೆನೆಂದ. ಪೋಲೀಸಿನವನಾದ ಅವಳ ಗಂಡನೂ ಮಗನೂ ಬಂದು ಆತನನ್ನು ಅಂಗಡಿಯಲ್ಲೇ ಕೊಂದುಹಾಕಿದರು. ವರ್ತಕ ಬಂಧುಗಳೇ, ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಊರಿನ ಸುಳ್ಳು ಎಷ್ಟು ಹತ್ತಿರ ಬರುತ್ತದೆ ನೋಡಿ. ಅದೇ ದಿನ ಮ್ಯಾಡ್ರಿಡ್ಡಿನಲ್ಲಿ, ಬಾಂಬಿಗೆ ಬಳಸಿದ ಫೋನುಗಳ ಜಾಡು ಹಿಡಿದು ಬಂಧಿಸಿದವರಲ್ಲಿ ಇಬ್ಬರು ಭಾರತೀಯರು. 2007ರಲ್ಲಿ ವಿಚಾರಣೆ ನಡೆದಾಗ ಆರೋಪಿಗಳ ಕಟಕಟೆಯಲ್ಲಿ ಅವರಿರಲಿಲ್ಲ.

ಮಾರ್ಚ್ 12ರ ಸಂಜೆ ಮಳೆ ಸುರಿಯುತ್ತಿತ್ತು. ಸ್ಪೇನಿನಾದ್ಯಂತ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು; ನಾಲ್ವರಲ್ಲಿ ಒಬ್ಬರೆಂದು ಹಿಡಿಯಿರಿ. ಮಳೆಯಲ್ಲ, ಮ್ಯಾಡ್ರಿಡ್ ಅಳುತ್ತಿದೆ ಎಂದು ಕೂಗಿದರು. ಆ ಗಾಡಿಯಲ್ಲಿ ನಾವೆಲ್ಲರೂ ಇದ್ದೆವು ಎಂದು ಕೂಗಿದರು. ಮೆರವಣಿಗೆಯ ಘೋಷಣೆಯನ್ನು ಸರ್ಕಾರವೇ ಬರೆದುಕೊಟ್ಟಿತ್ತು. ಆದರೂ ಕೊಡೆಗಳ ಕೆಳಗಿನಿಂದ ಇನ್ನೊಂದು ಕೂಗೆದ್ದಿತು: ಮಾಡಿದವರು ಯಾರು? ಮರುದಿನ ಸಾವಿರಾರು ಜನ ಆಳುವ ಪಕ್ಷದ ಕಛೇರಿಯ ಮುಂದೆ ನಿಂತು ಅದನ್ನೇ ಕೇಳಿದರು. ದುಃಖದ ಹೊತ್ತಿನಲ್ಲಿ ರಾಜಕೀಯವೇಕೆ ಎಂದವರಿದ್ದರು. ಮನೆಯಲ್ಲಿ ಸಾವಾದರೆ ಹೇಗಾಯಿತೆಂದು ಕೇಳುವುದು ರಾಜಕೀಯವೇ?

ಭಾನುವಾರ ಅಸ್ನಾರರ ಪಕ್ಷ ಸೋತಿತು. ಸಮಾಜವಾದಿಗಳು ಗೆದ್ದರು, ಇರಾಕಿನಿಂದ ಸೈನ್ಯ ವಾಪಸಾಯಿತು. ಸ್ಪೇನು ಬಾಂಬಿಗೆ ಹೆದರಿತೆಂದು ಪರದೇಶದ ಪತ್ರಿಕೆಗಳು ಹಂಗಿಸಿದವು. ಒಂದು ವರ್ಷ ಮೊದಲೇ ಯುದ್ಧ ಬೇಡವೆಂದಿದ್ದ ಜನರನ್ನು ಹೀಗೆ ಹಂಗಿಸುವುದು ನ್ಯಾಯವಲ್ಲ. 2007ರ ಅಕ್ಟೋಬರ್ 31ರಂದು ನ್ಯಾಯಾಲಯ 21 ಮಂದಿಯನ್ನು ಅಪರಾಧಿಗಳೆಂದಿತು. ಎಟಾದ ಕೈವಾಡಕ್ಕೆ ಆಧಾರ ಕಾಣಲಿಲ್ಲ.

ನಮ್ಮ ದೇಶದಲ್ಲೇನಾಯಿತು? 2006ರ ಜುಲೈ 11ರ ಸಂಜೆ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಏಳು ಬಾಂಬು, 180ಕ್ಕೂ ಹೆಚ್ಚು ಸಾವು. ಹತ್ತೊಂಬತ್ತು ವರ್ಷಗಳ ಮೇಲೆ, 2025ರ ಜುಲೈಯಲ್ಲಿ, ಶಿಕ್ಷೆಗೊಳಗಾಗಿದ್ದ ಹನ್ನೆರಡು ಮಂದಿಯನ್ನೂ ಬಾಂಬೆ ಹೈಕೋರ್ಟು ಖುಲಾಸೆ ಮಾಡಿತು. ಅವರಲ್ಲೊಬ್ಬ ಅಷ್ಟರಲ್ಲಿ ಸೆರೆಮನೆಯಲ್ಲೇ ಸತ್ತಿದ್ದ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮಾಡಿದವರು ಯಾರು ಎಂದು ಅಲ್ಲಿಯ ತಾಯಂದಿರು ಯಾರನ್ನು ಕೇಳಬೇಕು?

ಮ್ಯಾಡ್ರಿಡ್ಡಿನ ತಾಯಿಯೊಬ್ಬರು ಕೇಳಿದರು. ಅವರು ಪಿಲಾರ್ ಮಾನ್ಹೋನ್. ಇಪ್ಪತ್ತು ವರ್ಷದ ಮಗನನ್ನು ಆ ಗಾಡಿಯಲ್ಲಿ ಕಳೆದುಕೊಂಡವರು. 2004ರ ಡಿಸೆಂಬರ್ 15ರಂದು ಪಾರ್ಲಿಮೆಂಟಿನ ವಿಚಾರಣಾ ಸಮಿತಿಯ ಮುಂದೆ ನಿಂತು, ಈ ವಿಚಾರಣೆಯ ನಡುವೆ ನೀವು ನಗುತ್ತಿದ್ದುದು ಏನನ್ನು ಕಂಡು ಎಂದು ಸದಸ್ಯರನ್ನು ಕೇಳಿದರು. ಎಲ್ಲ ಪಕ್ಷದವರಿಗೂ ಅನ್ವಯಿಸಿದ ಮಾತದು, ಸಮಾಜವಾದಿಗಳಿಗೂ.

ಇನ್ನೊಂದು ಸಂಗತಿ. ಅತೋಚಾ ನಿಲ್ದಾಣದಲ್ಲಿ ಜನ ತಿಂಗಳುಗಟ್ಟಲೆ ಮೇಣದ ಬತ್ತಿ ಹಚ್ಚಿದರು, ಹೂವಿಟ್ಟರು, ಚೀಟಿ ಬರೆದಿಟ್ಟರು. ಕೊನೆಗೆ, ಇದನ್ನು ತೆಗೆಯಿರೆಂದು ಕೇಳಿದವರು ನಿಲ್ದಾಣದ ಕೆಲಸಗಾರರೇ. ದಿನವೂ ಆ ಹೊಗೆ, ಆ ಸಂಕಟ ತಮ್ಮಿಂದ ತಡೆಯಲಾಗದೆಂದರು. 2004ರ ಜೂನಿನಲ್ಲಿ ಬತ್ತಿಗಳ ಜಾಗಕ್ಕೆ ಸಂದೇಶ ಬರೆಯುವ ಯಂತ್ರಗಳು ಬಂದವು. ಮೊದಲು ಓದಿದಾಗ ಇದೆಂಥ ಕಲ್ಲೆದೆ ಎನಿಸಿತ್ತು. ಆಮೇಲೆ ನಮ್ಮ ತಿಳಿವಳಿಕೆಗೇ ನಾಚಿಕೆಯಾಯಿತು. ಬತ್ತಿ ಹಚ್ಚಿದವರು ಮನೆಗೆ ಹೋಗುತ್ತಿದ್ದರು. ಆ ಕೆಲಸಗಾರರು ಪಾಳಿ ಮುಗಿಯುವ ತನಕ ಅಲ್ಲೇ ಇರಬೇಕಾಗಿತ್ತು.

ಎರಡನೇ ಪಾಳಿಯವರು ಹೊರಡುವ ಹೊತ್ತಾಯಿತು. ಹೋಗುವ ಮುನ್ನ ಎಲ್ಲರೂ ಎದ್ದು ಒಂದು ನಿಮಿಷ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ.