ಕಯೋಟಿಗೆ ಒಡ್ಡಿದ ಬೋನುಗಳ ಸಾಲು

ಕಯೋಟಿಯೆಂಬುದು ಉತ್ತರ ಅಮೆರಿಕದ ಮೃಗ. ತೋಳನಿಗಿಂತ ಕಿರಿದು, ನಮ್ಮ ಗುಳ್ಳೆನರಿಗಿಂತ ತುಸು ಹಿರಿದು. ಕುರಿಮಂದೆಗೆ ಶತ್ರುವೆಂದೂ ತುಪ್ಪುಳಿಗೆ ಬೆಲೆಯುಂಟೆಂದೂ ಅದನ್ನು ಹಿಡಿಯುತ್ತಾರೆ. ಚಳಿಗಾಲದ ಮೊದಲಲ್ಲಿ ತುಪ್ಪುಳು ದಟ್ಟವಾಗುವುದರಿಂದ ಬೇಟೆಗಾರನಿಗೆ ಅದೇ ಸುಗ್ಗಿ. ಆಗ ಅವನು ಹತ್ತಾರು ಮೈಲಿಗಳುದ್ದಕ್ಕೂ ಬೋನುಗಳನ್ನೊಡ್ಡುವುದುಂಟು.

ಆ ಕೌಶಲವನ್ನು ನಾವು ಮೆಚ್ಚಲೇಬೇಕು. ಮನುಷ್ಯನ ವಾಸನೆ ತಗಲದಂತೆ ಕೈಗವಸು ತೊಟ್ಟು, ಸಣ್ಣ ಬಿಲವೊಂದನ್ನು ತೋಡಿ, ಅದರೊಳಗೆ ಗಂಧದ ಆಮಿಷವನ್ನಿಟ್ಟು, ಅದರ ಮುಂದೆ ಉಕ್ಕಿನ ಬೋನನ್ನು ಹೂತು, ಜರಡಿಯಾಡಿದ ಒಣಮಣ್ಣನ್ನು ಮುಚ್ಚುತ್ತಾನೆ. ಹಸಿಮಣ್ಣು ಹೆಪ್ಪುಗಟ್ಟಿದರೆ ಬೋನು ಕೆಲಸಮಾಡದು.

ಆದರೆ ಸಾಲು ಎಷ್ಟು ಉದ್ದವಿರಬಹುದು? ಒಡ್ಡಬಲ್ಲ ಬೋನುಗಳ ಎಣಿಕೆಯಿಂದಲ್ಲ, ನೋಡಿಬರಬಲ್ಲ ಬೋನುಗಳ ಎಣಿಕೆಯಿಂದ ಅದನ್ನು ನಿರ್ಣಯಿಸಬೇಕೆಂದು ನಾವು ಭಾವಿಸುತ್ತೇವೆ. ಈ ಬೋನು ಕೊಲ್ಲುವುದಿಲ್ಲ, ಕಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಡ್ಡಿದವನು ಬರುವವರೆಗೂ ಪ್ರಾಣಿಯು ಹಿಮದಲ್ಲಿ ಕಾದಿರಬೇಕು. ಕೆಲವೊಮ್ಮೆ ಸಿಕ್ಕಿದ್ದು ಯಾರೋ ಸಾಕಿದ ನಾಯಿಯೂ ಆಗಿರುತ್ತದೆ. ದಿನಕ್ಕೊಮ್ಮೆ ನೋಡತಕ್ಕದ್ದೆಂದು ಅಲ್ಲಿನ ಹಲವು ರಾಜ್ಯಗಳ ಕಾಯಿದೆಯಿದೆ. ಕೆಲವೆಡೆ ಅವಧಿ ಇನ್ನೂ ದೀರ್ಘ.

1915ರಿಂದ ಅಮೆರಿಕದ ಸರ್ಕಾರವೇ ಹಣವೊದಗಿಸಿ ಕೊಲ್ಲಿಸಿದರೂ ಕಯೋಟಿಯು ಅಳಿಯಲಿಲ್ಲ. ಪೂರ್ವದ ಕರಾವಳಿಯವರೆಗೂ ಹಬ್ಬಿತು. ಆದುದರಿಂದ ಹಿಡಿದವುಗಳ ಲೆಕ್ಕದಲ್ಲಿ ಹೆಚ್ಚಿನ ಹೆಮ್ಮೆಯಿಲ್ಲ. ಒಂದು ಹಗಲಿನಲ್ಲಿ ನೋಡಿ ಮುಗಿಸಲಾಗದ ಸಾಲನ್ನು ಒಡ್ಡದಿರುವುದೇ ಬೇಟೆಗಾರನ ಧರ್ಮ.